ಬೊಳ್ಳಿಯ ಅಷ್ಟಮಿ ಕಟ್ಟು

ನಮ್ಮ ಫ್ರೀಜರಿನ ಬಲಬದಿಯಲ್ಲಿ ಈಗ ಏಳು ಕವರ್ ಉಂಟು. ಒಂದೊಂದರಲ್ಲೂ ಬಿಳಿ ಬಟ್ಟೆಯ ಸಣ್ಣ ಚೀಟಿ, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಹೆಸರು, ದಿನ, ಲೆಕ್ಕ. 'ಬೊಳ್ಳಿ, ಅಷ್ಟಮಿ, ರಾಗಿ 10.' 'ಬೊಳ್ಳಿ, ವಿಟ್ಲಪಿಂಡಿ, ಬೂತಾಯಿ 6.' ಬೊಳ್ಳಿ ನಮ್ಮ ನಾಯಿ, ಕವರಿನಲ್ಲಿರುವುದು ಹಬ್ಬಕ್ಕೆಂದು ಅವಳಿಗೆ ಮಾಡಿಟ್ಟ ತಿಂಡಿ: ರಾಗಿ ಬಿಸ್ಕತ್ತು, ಬೂತಾಯಿ ಮೀನಿನ ಚೌಕ. ಅಂಗಡಿಯಲ್ಲಿ ಗಿರಾಕಿಗಳ ರವಿಕೆ ಬಟ್ಟೆ ಕಟ್ಟಿಡುವಾಗ ಒಳಗೆ ಹಾಕುವ ಚೀಟಿಯೇ ಇದು. ಇಪ್ಪತ್ತನಾಲ್ಕು ವರ್ಷದಿಂದ ಹೊಲಿಗೆ ಮಾಡುವವಳು ನಾನು, ಚೀಟಿ ಇಲ್ಲದ ಕಟ್ಟು ನನ್ನ ಕೈಯಿಂದ ಆಚೆ ಹೋಗುವುದಿಲ್ಲ. ಒಂದು ವ್ಯತ್ಯಾಸ ಮಾತ್ರ: ಅಂಗಡಿಯಲ್ಲಿ ಚೀಟಿಗೆ ಪಿನ್ನು ಚುಚ್ಚುತ್ತೇನೆ, ಇಲ್ಲಿ ಎರಡು ಕವರಿನ ನಡುವೆ ಚೀಟಿ ಸೇರಿಸುತ್ತೇನೆ. ತಿನ್ನುವ ವಸ್ತುವಿನ ಹತ್ತಿರಕ್ಕೂ ಪಿನ್ನು ಬರಬಾರದು.

ಕೃಷ್ಣಾಷ್ಟಮಿಗೆ ಇನ್ನು ಒಂಬತ್ತು ದಿನ, ಅದರ ಮರುದಿನ ವಿಟ್ಲಪಿಂಡಿ. ಉಡುಪಿಯಲ್ಲಿ ನಾವು ನೋಡುವುದು ಸೌರಮಾನದ ಅಷ್ಟಮಿ, ಹಾಗಾಗಿ ಬೇರೆ ಊರಲ್ಲಿ ಮುಗಿದ ಮೇಲೂ ನಮ್ಮಲ್ಲಿ ಕೆಲವು ವರ್ಷ ಸೆಪ್ಟೆಂಬರಿನವರೆಗೆ ಕಾಯುವುದುಂಟು. ಕಲ್ಸಂಕದ ಹತ್ತಿರದ ನನ್ನ ಅಂಗಡಿಯಲ್ಲಿ ನಾಗರಪಂಚಮಿಗೆ ಶುರುವಾದ ಗಡಿಬಿಡಿ ಚೌತಿ, ಅಷ್ಟಮಿ, ನವರಾತ್ರಿ ದಾಟಿ ದೀಪಾವಳಿಯ ಮುಂಚಿನ ರಾತ್ರಿಯವರೆಗೂ ಬಿಡುವುದಿಲ್ಲ. ಹಬ್ಬದ ಮುನ್ನಾ ದಿನ ಹನ್ನೊಂದು ಗಂಟೆ ರಾತ್ರಿಗೂ ಯಾರಾದರೊಬ್ಬರು 'ಅಕ್ಕಾ, ಒಂದು ಹುಕ್ಕು ಮಾತ್ರ' ಎಂದು ಬಂದು ನಿಲ್ಲುತ್ತಾರೆ. ಆ ದಿನಗಳಲ್ಲಿ ಮನೆಯವರಿಗೆ ಊಟ ಆಯಿತಾ ಎಂದು ಕೇಳುವುದಕ್ಕೂ ನನಗೆ ನೆನಪಾಗುವುದಿಲ್ಲ, ಇನ್ನು ನಾಯಿಯದ್ದು ಎಲ್ಲಿಂದ?

ಅದಕ್ಕೇ ಈ ಕಟ್ಟುಗಳು. ಇವು ಶುರುವಾದದ್ದು ಎರಡು ವರ್ಷದ ಹಿಂದಿನ ಒಂದು ಕೆಟ್ಟ ದಿನದಿಂದ. ಅದನ್ನು ಮೊದಲು ಹೇಳುತ್ತೇನೆ.

ಬೊಳ್ಳಿ ನಮ್ಮ ಕಡಿಯಾಳಿಯ ಮನೆಗೆ ಬಂದದ್ದು ಒಂದು ಆಟಿ ತಿಂಗಳ ಮಳೆಯಲ್ಲಿ, ಅಂಗಡಿಯ ಶಟರಿನ ಕೆಳಗೆ ನಡುಗುತ್ತಾ ಕೂತಿದ್ದ ಒಂದೂವರೆ ತಿಂಗಳ ಮರಿ. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಂದು. ತುಳುವಿನಲ್ಲಿ ಬೊಳ್ಳಿ ಎಂದರೆ ಬೆಳ್ಳಿ. ಹೆಸರಿಟ್ಟದ್ದು ಅತ್ತೆ. ಈಗ ಅವಳಿಗೆ ಆರು ವರ್ಷ, ತೂಕ ಹದಿನಾಲ್ಕು ಕಿಲೋ. ಮನೆಗೆ ಬಂದವರ ಎದುರು ಕೂತು ಬಲಗೈ ಎತ್ತಿಕೊಡುವುದನ್ನು ಮಗಳು ಕಲಿಸಿದ್ದಾಳೆ. ಕೈ ಕೊಟ್ಟ ನಾಯಿಗೆ ಏನಾದರೂ ಕೊಡದೆ ಇರಲು ಯಾರಿಗಾದರೂ ಮನಸ್ಸು ಬರುತ್ತದೆಯೇ?

ಆ ವರ್ಷ ವಿಟ್ಲಪಿಂಡಿಯ ಬೆಳಿಗ್ಗೆ ಮನೆ ತುಂಬಾ ನೆಂಟರು. ನಾನು ಅಂಗಡಿಯಲ್ಲಿದ್ದೆ. ಬಂದವರಲ್ಲಿ ಒಬ್ಬರು ಪ್ರೀತಿಯಿಂದ ಬೊಳ್ಳಿಗೆ ಲಡ್ಡು ಕೊಟ್ಟರು. ಅವಳು ಮತ್ತೆ ಕೈ ಕೊಟ್ಟಳು, ಅವರು ಮತ್ತೆ ಕೊಟ್ಟರು. ಹೀಗೆ ನಾಲ್ಕು. ಲಡ್ಡುವಿನಲ್ಲಿ ಗೇರುಬೀಜ, ತುಪ್ಪ, ಸಕ್ಕರೆ, ಒಣದ್ರಾಕ್ಷಿ. ಉಳಿದದ್ದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು, ದ್ರಾಕ್ಷಿ ಮಾತ್ರ ಹಾಗಲ್ಲ. ಹಸಿಯಾಗಲಿ ಒಣಗಿದ್ದಾಗಲಿ, ದ್ರಾಕ್ಷಿ ನಾಯಿಯ ಕಿಡ್ನಿಯನ್ನು ಹಾಳು ಮಾಡಬಹುದು. ಎಷ್ಟು ತಿಂದರೆ ಅಪಾಯ ಎಂದು ಗೆರೆ ಎಳೆದು ಹೇಳಲಿಕ್ಕೂ ಬರುವುದಿಲ್ಲ, ಒಂದು ನಾಯಿಗೆ ಏನೂ ಆಗದ ಪ್ರಮಾಣ ಇನ್ನೊಂದನ್ನು ಮಲಗಿಸಿಬಿಡುತ್ತದೆ. ಮಗಳಿಗೆ ಇದು ಗೊತ್ತಿತ್ತು, ಅವಳು ಫೋನ್ ಮಾಡಿದಳು. ಅರ್ಧ ಹೊಲಿದ ಬಟ್ಟೆಯನ್ನು ಮಿಷನ್ನಿನಲ್ಲೇ ಬಿಟ್ಟು ಓಡಿದೆ. ಒಂದೂವರೆ ಗಂಟೆಯೊಳಗೆ ಡಾಕ್ಟರ ಹತ್ತಿರ ಮುಟ್ಟಿದೆವು. ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ಎರಡು ದಿನ ಡ್ರಿಪ್ ಹಾಕಿದರು, ರಕ್ತ ಪರೀಕ್ಷೆ ಮಾಡಿ ಕಿಡ್ನಿಯ ಲೆಕ್ಕ ನೋಡುತ್ತಾ ಇದ್ದರು. ಬೊಳ್ಳಿ ಉಳಿದಳು. ಆ ಎರಡು ರಾತ್ರಿ ನಾನು ಅವಳ ಹತ್ತಿರ ನೆಲದ ಮೇಲೆ ಮಲಗಿದ್ದೆ, ಅವಳು ನೀರು ಕುಡಿದ ಶಬ್ದಕ್ಕೆಲ್ಲ ಎದ್ದು ಕೂರುತ್ತಿದ್ದೆ.

ಲಡ್ಡು ಕೊಟ್ಟವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಅವರ ಕೈಯಲ್ಲಿ ಇದ್ದದ್ದು ಲಡ್ಡು, ಅದನ್ನು ಕೊಟ್ಟರು. ತಪ್ಪು ನಮ್ಮದು. ಬಂದವರ ಕೈಗೆ ಬೇರೆ ಏನನ್ನೂ ನಾವು ಇಟ್ಟಿರಲಿಲ್ಲ. ನಾಯಿಗೆ ಏನೂ ಕೊಡಬೇಡಿ ಎಂದು ಹಬ್ಬದ ದಿನ ಹತ್ತು ಜನರಿಗೆ ಹೇಳುವುದು ಆಗುವ ಕೆಲಸವಲ್ಲ, ಹೇಳಿದರೂ ಮಕ್ಕಳು ಕೇಳುವುದಿಲ್ಲ. ಕೊಡಲಿಕ್ಕೆ ಸರಿಯಾದದ್ದು ಬಾಗಿಲ ಹತ್ತಿರ ಒಂದು ಡಬ್ಬದಲ್ಲಿ ಇದ್ದರೆ ಮಾತ್ರ ಎಲ್ಲರೂ ಅದನ್ನೇ ಕೊಡುತ್ತಾರೆ. ಎರಡು ವರ್ಷದಿಂದ ನಾನು ನೋಡಿದ್ದು ಇದನ್ನೇ. ಡಬ್ಬ ಹಬ್ಬದ ದಿನ ತುಂಬಿರಬೇಕಾದರೆ ಅದರ ಕೆಲಸ ಹಬ್ಬಕ್ಕೆ ಎರಡು ವಾರ ಮೊದಲೇ ಮುಗಿದಿರಬೇಕು.

ಹಾಗಾದರೆ ಮಾಡಿ ಡಬ್ಬದಲ್ಲಿ ಹಾಕಿಟ್ಟರೆ ಸಾಕಲ್ಲ, ಫ್ರೀಜರ್ ಯಾಕೆ ಎಂದು ಘಟ್ಟದ ಮೇಲಿನ ನನ್ನ ತಂಗಿ ಕೇಳುತ್ತಾಳೆ. ಅವಳ ಊರಿನಲ್ಲಿ ಬಿಸ್ಕತ್ತು ತಿಂಗಳುಗಟ್ಟಲೆ ಕಟುಂ ಎನ್ನುತ್ತಿರಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಣ್ಣೆಯಲ್ಲಿ ಕರಿದ ಚಕ್ಕುಲಿಯೇ ಮೂರನೇ ದಿನ ಮೆತ್ತಗಾಗುತ್ತದೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವ ಹವೆ ಇದು. ಉಪ್ಪಿಲ್ಲ, ಸಕ್ಕರೆ ಇಲ್ಲ, ಕೆಡದ ಹಾಗೆ ಕಾಯುವ ಯಾವ ಪುಡಿಯೂ ಇಲ್ಲ, ಅದರ ಮೇಲೆ ಚೀನಿಕಾಯಿಯ (ಸಿಹಿಗುಂಬಳದ) ಪಸೆ ಬೇರೆ. ಅಂಥ ಬಿಸ್ಕತ್ತು ಹೊರಗೆ ಎಷ್ಟು ದಿನ ನಿಲ್ಲಬಹುದು? ಮೊದಲ ಸಲ ಮಾಡಿದಾಗ ಗಾಳಿ ಹೋಗದ ಡಬ್ಬದಲ್ಲಿ ಹಾಕಿಟ್ಟಿದ್ದೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಅಂಚಿನಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಚುಕ್ಕಿ. ಅಷ್ಟನ್ನೂ ಗುಂಡಿ ತೋಡಿ ಹುಗಿದೆ. ಬೂಷ್ಟು ಹಿಡಿದದ್ದನ್ನು ಕೆರೆದು ಕೊಡಲಿಕ್ಕೆ ಆಗುವುದಿಲ್ಲ, ಕಣ್ಣಿಗೆ ಕಾಣುವ ಚುಕ್ಕಿಗಿಂತ ಒಳಗೆ ಇಳಿದದ್ದು ಜಾಸ್ತಿ ಇರುತ್ತದೆ.

ಈಗ ಮಾಡುವ ರೀತಿ ಹೇಳುತ್ತೇನೆ. ರಾಗಿ ಹುಡಿ 150 ಗ್ರಾಂ, ಅಕ್ಕಿ ಹುಡಿ 75 ಗ್ರಾಂ, ಬೇಯಿಸಿದ ಚೀನಿಕಾಯಿ 200 ಗ್ರಾಂ, ಒಂದು ಮೊಟ್ಟೆ, ಒಂದು ಟೀ ಚಮಚ ತೆಂಗಿನೆಣ್ಣೆ. ಉಪ್ಪು ಬೇಡ, ಬೆಲ್ಲ ಬೇಡ. ಚೀನಿಕಾಯಿಯನ್ನು ನೀರಿಗೆ ಹಾಕಿ ಬೇಯಿಸಿದರೆ ಹಿಟ್ಟು ಅಂಟಂಟಾಗುತ್ತದೆ, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು ತಣಿಸಿ ಕಿವುಚಬೇಕು. ಎಲ್ಲ ಕಲಸಿ ಅರ್ಧ ಗಂಟೆ ಬಿಟ್ಟರೆ ರಾಗಿ ಪಸೆ ಹೀರಿಕೊಂಡು ಹದಕ್ಕೆ ಬರುತ್ತದೆ. ಆಗಲೂ ಕೈಗೆ ಅಂಟಿದರೆ ಒಂದೆರಡು ಚಮಚ ರಾಗಿ ಹುಡಿ ಹೆಚ್ಚು ಹಾಕಿದರಾಯಿತು.

ಈ ಹಿಟ್ಟನ್ನು ಲಟ್ಟಣಿಗೆಯಲ್ಲಿ ಲಟ್ಟಿಸಲಿಕ್ಕೆ ಹೋಗಿ ನಾನು ಸೋತಿದ್ದೇನೆ. ಗೋಧಿಯ ಹಾಗೆ ಅಲ್ಲ ರಾಗಿ, ಅದರಲ್ಲಿ ಎಳೆದು ಹಿಡಿಯುವ ಅಂಟಿಲ್ಲ. ಲಟ್ಟಿಸಿದಲ್ಲೆಲ್ಲ ಬಿರುಕು. ದಾರಿ ತೋರಿಸಿದ್ದು ಅತ್ತೆ. 'ರೊಟ್ಟಿ ತಟ್ಟಿದ ಹಾಗೆ ತಟ್ಟು ಮಾರಾಯ್ತಿ' ಎಂದು ಬಾಡಿಸಿದ ಬಾಳೆಲೆ ತಂದು ಹಾಸಿದರು. ಎಲೆಗೆ ಎರಡು ಹನಿ ತೆಂಗಿನೆಣ್ಣೆ ಸವರಿ, ಒದ್ದೆ ಕೈಯಲ್ಲಿ ನಡುವಿನಿಂದ ಅಂಚಿಗೆ ತಟ್ಟುತ್ತಾ ಹೋದರೆ ಬಿರುಕು ಬಂದಲ್ಲಿ ಹೆಬ್ಬೆರಳು ಒತ್ತಿ ಮುಚ್ಚಬಹುದು. ಅತ್ತೆಯ ಹೆಬ್ಬೆರಳಿನ ಗುರುತು ಒಂದೊಂದು ಬಿಸ್ಕತ್ತಿನಲ್ಲೂ ಉಳಿಯುತ್ತದೆ, ಬೆಂದ ಮೇಲೂ ಕಾಣುತ್ತದೆ. ದಪ್ಪ ಕಾಲಿಂಚಿಗಿಂತ ಹೆಚ್ಚಾಗಬಾರದು.

ಮಗಳು ಆನ್‌ಲೈನಿನಲ್ಲಿ ಎಲುಬಿನ ಆಕಾರದ ಅಚ್ಚು ತರಿಸಿದ್ದಳು. ಚಂದ ಉಂಟು. ಆದರೆ ಅಚ್ಚು ಒತ್ತಿದಾಗ ನಡುನಡುವೆ ಉಳಿಯುವ ಹಿಟ್ಟನ್ನು ಮತ್ತೆ ಒಟ್ಟು ಮಾಡಿ ಮತ್ತೆ ತಟ್ಟಬೇಕು, ಎರಡನೇ ಸಲ ತಟ್ಟಿದ್ದು ಗಟ್ಟಿಯಾಗುತ್ತದೆ. ನಾನು ಚೂರಿಯಲ್ಲಿ ನೇರ ಗೀಟು ಹಾಕಿ ಚೌಕ ಕತ್ತರಿಸುತ್ತೇನೆ. ಬಟ್ಟೆ ಕತ್ತರಿಸುವವರಿಗೆ ಗೊತ್ತು, ಚೌಕದಲ್ಲಿ ತುಂಡು ಪೋಲಾಗುವುದಿಲ್ಲ. ಮುಕ್ಕಾಲು ಇಂಚಿನ ಚೌಕ, ಮೇಲೆ ಹೇಳಿದ ಅಳತೆಗೆ ನೂರಿಪ್ಪತ್ತು ತುಂಡು ಆಗುತ್ತದೆ.

ಇಷ್ಟು ಸಣ್ಣ ಯಾಕೆಂದರೆ ಕೊಡುವವರಿಗೆ ಬೇಕಾದದ್ದು ಎಷ್ಟು ಸಲ ಕೊಟ್ಟೆ ಎಂಬುದು, ನಾಯಿಗೂ ಅಷ್ಟೇ. ತುಂಡು ದೊಡ್ಡದೋ ಸಣ್ಣದೋ ಎಂದು ಬೊಳ್ಳಿ ನೋಡಿದ್ದು ನಾನು ಕಂಡಿಲ್ಲ. ಹದಿನಾಲ್ಕು ಕಿಲೋದ ಇವಳಿಗೆ ದಿನಕ್ಕೆ ಸುಮಾರು 800 ಕ್ಯಾಲರಿ ಸಾಕು, ಅದರಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಂಥ ತಿಂಡಿಯಿಂದ ಹೋಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹಾಗೆಂದರೆ 80. ಒಂದು ಚೌಕಕ್ಕೆ ಹೆಚ್ಚು ಕಮ್ಮಿ ಎಂಟು ಕ್ಯಾಲರಿ ಬರುತ್ತದೆ. ಚೀಟಿಯಲ್ಲಿ 'ರಾಗಿ 10' ಎಂದು ಬರೆದದ್ದು ಆ ಲೆಕ್ಕದಲ್ಲಿ. ಡಬ್ಬದಲ್ಲಿ ಹತ್ತೇ ಇರುತ್ತದೆ. ಖಾಲಿಯಾದರೆ ಖಾಲಿ, ನೆಂಟರು ಎಷ್ಟೇ ಜನ ಬರಲಿ.

ಓವನ್ 160 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ. ಆಮೇಲೆ ಸ್ವಿಚ್ಚು ತೆಗೆದು ಬಾಗಿಲು ಸ್ವಲ್ಪ ಓರೆ ಮಾಡಿ ಒಳಗೇ ಒಂದು ಗಂಟೆ ಬಿಡುತ್ತೇನೆ. ಬೇಯುವುದಕ್ಕಿಂತ ಆ ಒಂದು ಗಂಟೆಯ ಒಣಗುವಿಕೆಯೇ ಮುಖ್ಯ ಎಂದು ನನ್ನ ಅನುಭವ.

ಬೂತಾಯಿಯದ್ದು ಬೇರೆ ಕತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಆಗ ಸಿಗುವ ಸ್ವಲ್ಪ ಮೀನಿಗೆ ಕೈ ಹಾಕುವ ಹಾಗಿರುವುದಿಲ್ಲ. ಆಗಸ್ಟಿನಲ್ಲಿ ಬೋಟು ಹೊರಟು ಬೂತಾಯಿ ಅಗ್ಗವಾದ ಮೊದಲ ವಾರವೇ ನಾನು ಅರ್ಧ ಕಿಲೋ ಬೊಳ್ಳಿಯ ಲೆಕ್ಕಕ್ಕೆ ತರುತ್ತೇನೆ. ತಲೆ, ಕರುಳು, ಹುರುಪೆ ತೆಗೆದು, ಬರೀ ನೀರಿನಲ್ಲಿ ಕುಕ್ಕರಿಗೆ. ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ನಮಗೆ ಇಷ್ಟು ಬೇಯಿಸಿದರೆ ಮೀನು ಹಾಳು, ಆದರೆ ಇಲ್ಲಿ ಬೇಕಾದದ್ದು ಮುಳ್ಳು ಮೆತ್ತಗಾಗುವುದು. ನಡುಮುಳ್ಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಸುಣ್ಣದ ಹಾಗೆ ಹುಡಿಯಾಗಬೇಕು. ಒಂದು ಕಡೆಯಾದರೂ ಚುಚ್ಚಿದರೆ ಮತ್ತೆ ಕುಕ್ಕರಿಗೆ. ಒಂದೊಂದು ಮೀನನ್ನೂ ಹೀಗೆ ಬೆರಳಲ್ಲಿ ಮುಟ್ಟಿ ನೋಡದೆ ನಾನು ಮುಂದಿನ ಕೆಲಸಕ್ಕೆ ಹೋಗುವುದಿಲ್ಲ. ಆಮೇಲೆ ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನ ಎರಡು ಹಿಡಿ, ಸ್ವಲ್ಪ ರಾಗಿ ಹುಡಿ, ಮೊಟ್ಟೆ ಸೇರಿಸಿ ಕಿವುಚಿ, ಟ್ರೇಯಲ್ಲಿ ಹರಡಿ, ಅದೇ 160ರಲ್ಲಿ ಇಪ್ಪತ್ತೈದು ನಿಮಿಷ. ತಣಿದ ಮೇಲೆ ಚೌಕ. ಇದು ಬಿಸ್ಕತ್ತಿನ ಹಾಗೆ ಗರಿಗರಿ ಅಲ್ಲ, ಒಳಗೆ ಮೆತ್ತಗೆ ಇರುತ್ತದೆ, ಹಾಗಾಗಿ ಹೊರಗೆ ಒಂದು ದಿನವೂ ಇಡುವ ಹಾಗಿಲ್ಲ.

ಒಣಮೀನು ಕೊಟ್ಟರೆ ಆಗುವುದಿಲ್ಲವಾ ಎಂದು ಕೇಳುವವರುಂಟು. ಬೇಡ. ಅದರಲ್ಲಿರುವ ಉಪ್ಪು ನಾಯಿಗೆ ತೀರಾ ಹೆಚ್ಚು. ನಮ್ಮ ಮೀನು ಸಾರಿನ ಅನ್ನವೂ ಬೇಡ, ಅದರಲ್ಲಿ ನೀರುಳ್ಳಿ ಬೆಳ್ಳುಳ್ಳಿ ಇರುತ್ತದೆ, ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ಚಾಕೊಲೇಟಿನ ವಿಷಯ ಈಗ ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ್ದು ಕ್ಸೈಲಿಟಾಲ್. ಸಕ್ಕರೆ ಇಲ್ಲ ಎಂದು ಬರೆದ ಚ್ಯೂಯಿಂಗ್ ಗಮ್‌ಗಳಲ್ಲಿ, ಕೆಲವು ಪೀನಟ್ ಬಟರ್‌ಗಳಲ್ಲಿ ಅದನ್ನು ಸಿಹಿಗೆ ಹಾಕುತ್ತಾರೆ. ನಾಯಿಯ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಲಿಕ್ಕೆ ಅದು ಸ್ವಲ್ಪ ಸಾಕು. ನೆಲಗಡಲೆ ಬೇಕಿದ್ದರೆ ನಾನು ಉಪ್ಪಿಲ್ಲದೆ ಹುರಿದು ಮಿಕ್ಸಿಯಲ್ಲಿ ತಿರುಗಿಸಿಕೊಳ್ಳುತ್ತೇನೆ.

ಇನ್ನು ಫ್ರೀಜರ್. ಇಲ್ಲಿ ಒಂದು ಇಡೀ ಸಂಜೆಯ ಕೆಲಸ ಹಾಳು ಮಾಡಿಕೊಂಡ ಮೇಲೆ ಕಲಿತದ್ದು ಹೇಳುತ್ತೇನೆ. ಹೋದ ವರ್ಷ ಚೌತಿಗೆ ಮೊದಲು, ರಾತ್ರಿ ಹತ್ತು ಗಂಟೆಗೆ, ನಿದ್ದೆಯ ಕಣ್ಣಲ್ಲಿ, ಇನ್ನೂ ಉಗುರು ಬೆಚ್ಚಗಿದ್ದ ಬಿಸ್ಕತ್ತನ್ನು ಕವರಿಗೆ ತುಂಬಿ ಒಳಗಿಟ್ಟೆ. ಬೆಳಿಗ್ಗೆ ನೋಡಿದರೆ ಕವರಿನ ಒಳಗೆಲ್ಲ ಹಿಮದ ಹುಡಿ, ಬಿಸ್ಕತ್ತೆಲ್ಲ ಒಂದಕ್ಕೊಂದು ಹಿಡಿದು ಕಲ್ಲಿನ ಮುದ್ದೆ. ಸಟ್ಟುಗದ ಹಿಡಿಯಲ್ಲಿ ಕುಟ್ಟಿ ಬಿಡಿಸಬೇಕಾಯಿತು. ಕರಗಿದಾಗ ಆ ಹಿಮವೆಲ್ಲ ನೀರಾಗಿ ಬಿಸ್ಕತ್ತಿನೊಳಗೆ ಇಳಿದು ಎಲ್ಲ ಮೆತ್ತಗೆ. ಬೆಚ್ಚಗಿನ ತಿಂಡಿ ಬಿಡುವ ಹಬೆ ಹೋಗಲಿಕ್ಕೆ ಜಾಗವಿಲ್ಲದೆ ಅಲ್ಲೇ ಹೆಪ್ಪುಗಟ್ಟುತ್ತದೆ, ಅಷ್ಟೇ ವಿಷಯ.

ಈಗ ಪೂರ್ತಿ ತಣಿಯುವವರೆಗೆ ಜಾಲರಿಯ ಮೇಲೆ ಬಿಡುತ್ತೇನೆ, ಫ್ಯಾನಿನ ಕೆಳಗೆ. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಒಂದೇ ಸಾಲು ಹರಡಿ ತಟ್ಟೆಯನ್ನೇ ಫ್ರೀಜರಿನಲ್ಲಿ ಎರಡು ಮೂರು ಗಂಟೆ ಇಡುವುದು. ಒಂದೊಂದೂ ಬೇರೆ ಬೇರೆಯಾಗಿ ಕಲ್ಲಾದ ಮೇಲೆ ಕವರಿಗೆ ಸುರಿದರೆ ಗೋಲಿಯ ಹಾಗೆ ಸದ್ದು ಮಾಡುತ್ತವೆ, ಮತ್ತೆ ಅಂಟಿಕೊಳ್ಳುವುದಿಲ್ಲ. ಕವರಿನ ಗಾಳಿಯನ್ನು ಅಂಗೈಯಲ್ಲಿ ಒತ್ತಿ ತೆಗೆದು, ಚೀಟಿ ಹಾಕಿ, ಇನ್ನೊಂದು ಕವರಿನೊಳಗೆ. ಬೂತಾಯಿಯದ್ದಕ್ಕೆ ಅದರ ಮೇಲೆ ಒಂದು ಮುಚ್ಚಳದ ಡಬ್ಬ ಬೇಕು, ಇಲ್ಲದಿದ್ದರೆ ಮೀನಿನ ವಾಸನೆ ಐಸ್ಕ್ರೀಮಿಗೂ ಹತ್ತುತ್ತದೆ. ಅಷ್ಟಮಿಯ ದಿನ ಅತ್ತೆಗೆ ಉಪವಾಸ, ಅಡುಗೆಮನೆಯಲ್ಲಿ ಮೀನಿನ ಸುಳಿವೂ ಆಗಬಾರದು. ಅದಕ್ಕೇ ಆ ದಿನದ ಚೀಟಿಯಲ್ಲಿ ರಾಗಿ ಮಾತ್ರ, ಬೂತಾಯಿ ಏನಿದ್ದರೂ ವಿಟ್ಲಪಿಂಡಿ ಮಧ್ಯಾಹ್ನದ ಮೇಲೆ.

ಹೊರಗೆ ತೆಗೆಯುವಾಗಲೂ ಒಂದು ಎಚ್ಚರ ಬೇಕು, ನಮ್ಮ ಊರಿನಲ್ಲಂತೂ ಬೇಕೇ ಬೇಕು. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಹೇಗೆ ಬೆವರುತ್ತದೆಯೋ, ಈ ಬಿಸ್ಕತ್ತೂ ಹಾಗೇ ಬೆವರುತ್ತದೆ. ತೆಗೆದ ಕೂಡಲೇ ಕವರ್ ಬಿಚ್ಚಿದರೆ ಹೊರಗಿನ ಪಸೆಯೆಲ್ಲ ಬಿಸ್ಕತ್ತಿನ ಮೇಲೆ ಬಂದು ಕೂರುತ್ತದೆ. ಬಿಚ್ಚದೆ ಹಾಗೇ ಬಿಟ್ಟರೆ ಬೆವರುವುದು ಕವರಿನ ಹೊರಮೈ. ಹಿಂದಿನ ರಾತ್ರಿ ಕವರನ್ನು ಫ್ರೀಜರಿನಿಂದ ಕೆಳಗಿನ ಖಾನೆಗೆ ಇಳಿಸುವುದು, ಬೆಳಿಗ್ಗೆ ಹೊರಗಿಟ್ಟು ಅರ್ಧ ಗಂಟೆ ಬಿಟ್ಟು ಬಿಚ್ಚುವುದು, ರಾಗಿಯದ್ದನ್ನು ಕಾದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಹೊರಳಿಸುವುದು. ಹೊಸದಾಗಿ ಮಾಡಿದ ಹಾಗೆಯೇ ಆಗುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವುದಿಲ್ಲ. ಚಳಿಯಲ್ಲಿ ಕ್ರಿಮಿಗಳು ಸಾಯುವುದಿಲ್ಲ, ಮಲಗಿರುತ್ತವೆ ಅಷ್ಟೇ, ಬೆಚ್ಚಗಾದರೆ ಎದ್ದು ಕೂರುತ್ತವೆ. ಅದಕ್ಕೇ ದಿನಕ್ಕೊಂದು ಸಣ್ಣ ಕವರ್. ಎರಡು ತಿಂಗಳಿಗಿಂತ ಹಳೆಯ ತಾರೀಕಿನದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಹಬ್ಬಕ್ಕೆ ಒಂದು ವಾರ ಮೊದಲು ಒಂದು ಕವರ್ ಬಿಚ್ಚಿ ಎರಡು ಮೂರು ದಿನ ಕೊಟ್ಟು ನೋಡುತ್ತೇನೆ. ಮದುವೆ ದಿನವೇ ಹೊಸ ರವಿಕೆ ಮೊದಲ ಸಲ ತೊಟ್ಟು ನೋಡುವವರು ಯಾರಾದರೂ ಇದ್ದಾರಾ? ಹೊಟ್ಟೆಗೆ ಹೊಂದದ್ದು ಏನಾದರೂ ಇದ್ದರೆ ಆಗಲೇ ಗೊತ್ತಾಗಬೇಕು, ಮನೆ ತುಂಬಾ ಜನ ಇರುವ ದಿನ ಅಲ್ಲ.

ಇಷ್ಟರವರೆಗೆ ಹೇಳಿದ್ದು ನೆಂಟರ ಡಬ್ಬದ ವಿಷಯ. ಏಳರಲ್ಲಿ ಎರಡು ಕವರ್ ಬೇರೆ ಕೆಲಸದ್ದು. ಅವುಗಳ ಚೀಟಿಯಲ್ಲಿ 'ತಾಸೆ' ಎಂದು ಬರೆದಿದ್ದೇನೆ. ತಾಸೆ ಎಂದರೆ ಹುಲಿಕುಣಿತಕ್ಕೆ ಬಡಿಯುವ ವಾದ್ಯ.

ವಿಟ್ಲಪಿಂಡಿಯ ದಿನ ಉಡುಪಿಯಲ್ಲಿ ಹುಲಿವೇಷದ ತಂಡಗಳು ಬೀದಿ ಬೀದಿ ಸುತ್ತುತ್ತವೆ. ತಾಸೆಯ ಪೆಟ್ಟು ಕೇಳಿದರೆ ನನ್ನ ಕಾಲೂ ಸುಮ್ಮನಿರುವುದಿಲ್ಲ, ಚಿಕ್ಕವಳಿದ್ದಾಗ ಅಣ್ಣಂದಿರ ಹಿಂದೆ ರಥಬೀದಿಯವರೆಗೆ ಓಡಿದವಳು ನಾನು. ಆದರೆ ಬೊಳ್ಳಿಗೆ ಆ ಶಬ್ದ ಹಾಗೆ ಕೇಳಿಸುವುದಿಲ್ಲ. ಮನುಷ್ಯರ ಕಿವಿ 20,000 ಹರ್ಟ್ಸ್‌ವರೆಗೆ ಹಿಡಿದರೆ ನಾಯಿಯ ಕಿವಿ ಅದರ ಎರಡು ಪಾಲಿಗೂ ಮೇಲೆ ಹಿಡಿಯುತ್ತದೆ. ದೂರದ ತಿರುವಿನ ತಾಸೆ ನಮಗೆ ಕೇಳುವ ಮೊದಲೇ ಅವಳ ಕಂದು ಕಿವಿ ಹಿಂದಕ್ಕೆ ಮಲಗುತ್ತದೆ, ಬಾಲ ಹೊಟ್ಟೆಯ ಕೆಳಗೆ ಸೇರುತ್ತದೆ. ಹಬ್ಬ ನಿಲ್ಲಿಸಲಿಕ್ಕೆ ಆಗುವುದಿಲ್ಲ, ನಿಲ್ಲಿಸಬೇಕೆಂದು ನನಗೂ ಇಲ್ಲ. ಅವಳಿಗೆ ಆ ಹೊತ್ತು ಕಳೆಯಲಿಕ್ಕೆ ಏನಾದರೂ ಬೇಕು.

ನೆಕ್ಕುವುದು ನಾಯಿಯ ಮನಸ್ಸನ್ನು ತಣಿಸುತ್ತದೆ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದನ್ನು ನೆಕ್ಕಲಿಕ್ಕೆ ಹೊತ್ತು ಬೇಕು, ಹೊತ್ತು ಹೋಗುವುದೇ ನಮಗೆ ಬೇಕಾದದ್ದು. ಮೊದಲ ವರ್ಷ ನಾನು ತೆಂಗಿನ ಗೆರಟೆಯಲ್ಲಿ ಮೊಸರು, ಬಾಳೆಹಣ್ಣು ಕಿವುಚಿ ತುಂಬಿ ಗಟ್ಟಿ ಮಾಡಿಟ್ಟಿದ್ದೆ. ನೋಡಲಿಕ್ಕೆ ಬಹಳ ಚಂದ ಇತ್ತು. ಬೊಳ್ಳಿ ಮೊಸರು ಮುಗಿಸಿ ಗೆರಟೆಯನ್ನೇ ಕಟಕಟ ಕಡಿಯಲಿಕ್ಕೆ ಶುರು ಮಾಡಿದಳು. ಚೂಪಾದ ಚೂರೊಂದು ಒಸಡಿಗೆ ಚುಚ್ಚಿ ರಕ್ತ ಬಂತು. ಅಲ್ಲಿಗೆ ಗೆರಟೆ ಬಿಟ್ಟೆ. ಸ್ಟೀಲ್ ಬಟ್ಟಲೂ ಬೇಡ, ಫ್ರೀಜರಿನಿಂದ ತೆಗೆದ ಸ್ಟೀಲಿಗೆ ಒದ್ದೆ ನಾಲಿಗೆ ಅಂಟಿಕೊಳ್ಳಬಹುದು. ಈಗ ನಡುವೆ ತೂತಿರುವ ಗಟ್ಟಿ ರಬ್ಬರಿನ ಆಟದ ಸಾಮಾನು ಎರಡು ಉಂಟು. ಅದರೊಳಗೆ ಸಪ್ಪೆ ಮೊಸರು, ಚೀನಿಕಾಯಿ, ತಳದಲ್ಲಿ ಒಂದೇ ಒಂದು ಬೂತಾಯಿ ಚೌಕ. ಕೊಡುವ ಐದು ನಿಮಿಷ ಮೊದಲು ಹೊರಗಿಟ್ಟರೆ ಮೇಲ್ಮೈ ಸ್ವಲ್ಪ ಮೆತ್ತಗಾಗುತ್ತದೆ. ಬರೀ ನೀರಿನ ಐಸ್ ತುಂಡು ನಾನು ಕೊಡುವುದಿಲ್ಲ, ಗಟ್ಟಿಯಾಗಿ ಕಡಿದರೆ ಹಲ್ಲು ಸೀಳಬಹುದು. ಆ ದಿನ ಬೆಳಗಿನ ಅನ್ನದಲ್ಲಿ ಒಂದು ಹಿಡಿ ಕಡಿಮೆ.

ಹೋದ ವರ್ಷದ ವಿಟ್ಲಪಿಂಡಿ. ಮಧ್ಯಾಹ್ನ ಮೂರೂವರೆಗೆ ತಂಡ ನಮ್ಮ ಓಣಿಗೆ ತಿರುಗಿತು. ಒಳಗಿನ ಕೋಣೆಯ ಕಿಟಕಿ ಹಾಕಿ, ಕಾಲಲ್ಲಿ ತುಳಿಯುವ ನನ್ನ ಹಳೆಯ ಮಿಷನ್ನಿನ ಕೆಳಗೆ ಅವಳ ಗೋಣಿ ಹಾಸಿದ್ದೆ. ಹೆದರಿದಾಗ ಅವಳು ಸೇರುವ ಜಾಗ ಅದೇ, ಮೂರು ಬದಿಯಲ್ಲೂ ಕಬ್ಬಿಣದ ಕಾಲು ಇರುವುದು ಅವಳಿಗೆ ಧೈರ್ಯವೋ ಏನೋ. ರಬ್ಬರನ್ನು ಅವಳ ಎದುರು ಇಟ್ಟೆ. ಮೊದಲು ಮೂಸಲೂ ಇಲ್ಲ. ಮೈ ನಡುಗುತ್ತಿತ್ತು, ಆ ನಡುಕಕ್ಕೆ ಮಿಷನ್ನಿನ ಪೆಡಲು ಟಿಕ್ ಟಿಕ್ ಎಂದು ಅಲುಗುತ್ತಿತ್ತು. ತಾಸೆ ಗೇಟಿನ ಹತ್ತಿರ ಬಂತು. ನಾನು ನೆಲಕ್ಕೆ ಕೂತು ರಬ್ಬರಿನ ಬಾಯಿಯಿಂದ ಸ್ವಲ್ಪ ಮೊಸರನ್ನು ಬೆರಳಲ್ಲಿ ತೆಗೆದು ಅವಳ ಮೂಗಿಗೆ ಹಚ್ಚಿದೆ. ನಾಲಿಗೆ ಬಂತು. ಇನ್ನೊಮ್ಮೆ ಬಂತು. ಆಮೇಲೆ ಅವಳೇ ಎರಡೂ ಮುಂಗಾಲಿನಲ್ಲಿ ರಬ್ಬರನ್ನು ಪೆಡಲಿನ ಅಂಚಿಗೆ ಒತ್ತಿ ಹಿಡಿದು ನೆಕ್ಕತೊಡಗಿದಳು. ಹೊರಗೆ ಹುಲಿಗಳು ಕುಣಿಯುತ್ತಿದ್ದವು, ಮಕ್ಕಳು ಕೂಗುತ್ತಿದ್ದರು, ಅತ್ತೆ ತಂಡದವರಿಗೆ ಕಾಣಿಕೆ ಕೊಡುತ್ತಿದ್ದರು. ಒಳಗೆ ನನಗೆ ಕೇಳುತ್ತಿದ್ದದ್ದು ನಾಲಿಗೆ ರಬ್ಬರಿಗೆ ಉಜ್ಜುವ ಶಬ್ದ. ಪೆಡಲು ಯಾವಾಗ ಅಲುಗುವುದನ್ನು ನಿಲ್ಲಿಸಿತು ಎಂದು ನನಗೆ ಗೊತ್ತಾಗಲಿಲ್ಲ. ನೋಡುವಾಗ ನಿಂತಿತ್ತು.

ದೀಪಾವಳಿಗೂ ಇದೇ ರೀತಿ. ಹಬ್ಬದ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನನಗೊಂದು ಹೊತ್ತಿನ ಲೆಕ್ಕ ಸಿಕ್ಕಿದೆ. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ, ಆದರೆ ಹೆಚ್ಚಿನ ಶಬ್ದ ಆ ಎರಡು ಗಂಟೆಯಲ್ಲೇ. ಕತ್ತಲಾಗುವ ಮೊದಲು ಅವಳನ್ನು ಹೊರಗೆ ಸುತ್ತಾಡಿಸಿ ತಂದು, ಏಳೂಮುಕ್ಕಾಲಿಗೆ ಒಂದು ರಬ್ಬರು, ಅದು ಮುಗಿದ ಮೇಲೆ ಇನ್ನೊಂದು. ಗೋಪೂಜೆಯ ದಿನ ಅತ್ತೆ ತಮ್ಮ ಅಣ್ಣನ ಮನೆಗೆ ಹೋಗುತ್ತಾರೆ, ಅಲ್ಲಿ ದನಕ್ಕೆ ಕೊಟ್ಟ ಮೇಲೆಯೇ ಮನೆಯವರು ತಿನ್ನುವುದು. ಕಳೆದ ಸಲ ಹೊರಡುವಾಗ ಅತ್ತೆ ತಾವೇ ಫ್ರೀಜರ್ ತೆರೆದು ಒಂದು ಕವರ್ ತೆಗೆದರು. 'ಅಲ್ಲಿ ಕೊಟ್ಟಿಗೆ ಕಾಯುವ ನಾಯಿ ಒಂದುಂಟಲ್ಲ, ಅದಕ್ಕೆ' ಎಂದರು. ನಾಯಿಗೂ ಬೇಕರಿಯಾ ಎಂದು ಮೊದಲ ವರ್ಷ ನನ್ನನ್ನು ಕೇಳಿದವರು ಅವರೇ. ಈ ಸಲ ಏಳನೇ ಕವರಿನ ಚೀಟಿಯಲ್ಲಿ ಅತ್ತೆಯ ಕೈಬರಹದಲ್ಲಿ 'ಕೊಟ್ಟಿಗೆಯದ್ದು' ಎಂದು ಉಂಟು.

ಇದನ್ನು ಬರೆಯುತ್ತಾ ಇರುವಾಗಲೇ ಕರೆಂಟು ಹೋಗಿ ಎರಡೂವರೆ ಗಂಟೆ ಕಳೆದು ಬಂತು. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಎರಡು ದಿನದ ಹತ್ತಿರ ತಡೆಯುತ್ತದೆ, ಅರ್ಧ ತುಂಬಿದ್ದು ಒಂದು ದಿನ ಎಂಬ ಲೆಕ್ಕ ಉಂಟು. ನಮ್ಮ ಸಣ್ಣ ಫ್ರಿಜ್ಜಿನ ಮೇಲಿನ ಖಾನೆಯ ಮೇಲೆ ನಾನು ಅಷ್ಟು ನಂಬಿಕೆ ಇಡುವುದಿಲ್ಲ. ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಗಟ್ಟಿ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ಒಳಗಿನದೆಲ್ಲ ಕರಗಿ ಮತ್ತೆ ಗಟ್ಟಿಯಾದರೆ ನಾಣ್ಯ ತಳಕ್ಕೆ ಹೋಗಿರುತ್ತದೆ, ಆಗ ಬೂತಾಯಿಯದ್ದು ಮೊದಲು ಹೊರಗೆ ಬಿಸಾಡಬೇಕು.

ಈಗ ಹೋಗಿ ನೋಡಿ ಬಂದೆ. ನಾಣ್ಯ ಮೇಲೆಯೇ ಉಂಟು. ಬಾಗಿಲು ತೆರೆದ ಶಬ್ದಕ್ಕೆ ಬೊಳ್ಳಿ ಬಂದು ಹಿಂದೆ ಕೂತಿದ್ದಳು, ಬಲಗೈ ಎತ್ತಿಕೊಂಡು. ತಟ್ಟುವಾಗ ಮುರಿದ ತುಂಡುಗಳ ಡಬ್ಬ ಬೇರೆ ಉಂಟು, ಅದರಿಂದ ಒಂದು ಕೊಟ್ಟೆ.